ಬಂಡೆಯ ಸಂದಿಯಲ್ಲಿ ಕೇಳಿದ ದನಿ

ನಂಬುವವರು ನಂಬಲಿ, ಬಿಡುವವರು ಬಿಡಲಿ. ನನ್ನ ಎಡಗಾಲಿನೊಳಗೆ ಈಗಲೂ ಸ್ಟೀಲಿನ ಪಟ್ಟಿ ಇದೆ. ಹಾಗಾಗಿ ಅದೆಲ್ಲ ಕನಸು ಎಂದು ನನಗೆ ನಾನೇ ಹೇಳಿಕೊಳ್ಳುವುದಕ್ಕೂ ಆಗುವುದಿಲ್ಲ.

ನಾನು ಬಾಗಲಕೋಟೆಯ ನವನಗರದಲ್ಲಿ ಚಿತ್ರಕಲಾ ಶಿಕ್ಷಕ. ಮದುವೆಯಾಗಿಲ್ಲ, ಮನೆಯಲ್ಲಿ ಒಬ್ಬನೇ. ಬಿಡುವು ಸಿಕ್ಕಾಗ ಬಾದಾಮಿ ಕಡೆಯ ಗುಡ್ಡ ಹತ್ತಿ ಬಂಡೆಗಳ ಚಿತ್ರ ಬರೆಯುತ್ತಿದ್ದೆ. ಎಲ್ಲಿಗೆ ಹೊರಟೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಕೇಳುವವರೂ ಇರಲಿಲ್ಲ. ಅದೇ ಸುಖ ಅಂದುಕೊಂಡಿದ್ದೆ.

ಆ ಶನಿವಾರ ಶಾಲೆ ಬಿಟ್ಟ ಕೂಡಲೇ ಹೊರಟೆ. ಬಾದಾಮಿಯಲ್ಲಿ ಬಸ್ಸಿಳಿದು, ಕುಳಗೇರಿ ಕ್ರಾಸಿನ ಕಡೆ ಹೋಗುವ ಟಂಟಂ ಹತ್ತಿ, ಗುಡ್ಡ ಚೆಂದ ಕಂಡಲ್ಲಿ ಇಳಿದುಕೊಂಡೆ. ಮಾಗಿಯ ಇಳಿಬಿಸಿಲು ಬಿದ್ದು ಕಲ್ಲೆಲ್ಲ ಕೆಂಡದಂತೆ ಹೊಳೆಯುತ್ತಿತ್ತು. ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ ಎಂದು ಹತ್ತುತ್ತಾ ಹೋದೆ...

ಒಣಹುಲ್ಲಿನ ಮೇಲೆ ಕಾಲಿಟ್ಟೆ. ಹುಲ್ಲಿನ ಕೆಳಗೆ ನೆಲವೇ ಇರಲಿಲ್ಲ.

ಎರಡು ಬಂಡೆಗಳ ನಡುವಿನ ಸಂದಿಯೊಳಗೆ ಜಾರಿ ಬಿದ್ದಿದ್ದೆ. ಕಾಲು ಮುರಿದ ಸದ್ದು ನನಗೇ ಕೇಳಿಸಿತು. ಫೋನು ಎಲ್ಲೋ ಕೆಳಗಿನ ಕತ್ತಲಿಗೆ ಬಡಿದುಕೊಳ್ಳುತ್ತಾ ಹೋಯಿತು. ಗಂಟಲು ಹರಿಯುವಂತೆ ಕೂಗಿದೆ. ಗುಡ್ಡ ನನ್ನ ಕೂಗನ್ನೇ ನನಗೆ ವಾಪಸು ಕೊಟ್ಟಿತು. ತಲೆಯ ಮೇಲೆ ಒಂದು ಗೇಣು ಆಕಾಶ. ನೋಡನೋಡುತ್ತ ಅದೂ ಕಪ್ಪಾಯಿತು.

ಆಗ ಲೆಕ್ಕ ಹಾಕಿದೆ. ನಾಳೆ ಭಾನುವಾರ. ಸೋಮವಾರ ಶಾಲೆ ಶುರುವಾಗುವ ತನಕ ನಾನು ಇಲ್ಲ ಎನ್ನುವುದೇ ಯಾರಿಗೂ ತಿಳಿಯುವುದಿಲ್ಲ.

ಬಾವಲಿ ಹಿಕ್ಕೆಯ ಘಾಟು... ಎಲ್ಲೋ ನರಿಯ ಊಳು... ಕಲ್ಲು ತಣ್ಣಗಾಗುತ್ತಾ ಆಗುತ್ತಾ ಬೆನ್ನಿನ ಶಾಖವನ್ನೆಲ್ಲ ಹೀರಿಕೊಂಡಿತು. ಮೊದಲು ಹಲ್ಲು ಕಟಕಟ ಎನ್ನುತ್ತಿದ್ದವು. ಆಮೇಲೆ ಅದೂ ನಿಂತಿತು. ನೋವು ದೂರವಾಯಿತು, ಹಿತವಾದ ನಿದ್ದೆ ಬರತೊಡಗಿತು.

"ಎಚ್ಚರ ಅದಿ ಏನು?"

ಮೇಲಿನಿಂದ ಬಂದ ದನಿ. ವಯಸ್ಸಾದ ಹೆಂಗಸಿನದು. ಮಗ್ಗುಲ ಮನೆಯವರನ್ನು ಕೇಳುವಷ್ಟು ಸಾವಧಾನ.

ಸತ್ತವನಿಗೆ ಜೀವ ಬಂದಂತಾಯಿತು. ಅದೀನಿ ಯವ್ವಾ ಎಂದು ಕೂಗಿದೆ. ಕಾಲು ಮುರಿದಿದೆ, ಊರಿಗೆ ಹೋಗಿ ಯಾರನ್ನಾದರೂ ಕರೆದುಕೊಂಡು ಬಾ ಎಂದು ಬೇಡಿಕೊಂಡೆ.

"ನಾ ಹೋದ್ರ ನಿನ್ನ ಕೂಡ ಯಾರು ಇರ್ತಾರ?" ಎಂದಳು.

ಅಷ್ಟೇ. ಹೆಜ್ಜೆ ಸದ್ದಿಲ್ಲ, ಬಳೆ ಸದ್ದಿಲ್ಲ, ಬೆಳಕೂ ಇಲ್ಲ. ಕತ್ತಲಲ್ಲಿ ಅಲ್ಲಿಗೆ ಹೇಗೆ ಬಂದಳು ಎಂದು ಕೇಳುವ ತ್ರಾಣ ನನಗಿರಲಿಲ್ಲ. ಕಣ್ಣು ಮುಚ್ಚಿಕೊಂಡಾಗಲೆಲ್ಲ 'ಎಚ್ಚರ ಅದಿ ಏನು' ಎನ್ನುವ ಅದೇ ಪ್ರಶ್ನೆ ಬರುತ್ತಿತ್ತು, ನಾನು ಹೂಂಗುಡುತ್ತಿದ್ದೆ. ನಾಲಿಗೆ ಒಣಗಿ ಅದೂ ಆಗದೇ ಹೋದಾಗ ದನಿ ಇನ್ನೂ ಹತ್ತಿರ ಬಂತು.

"ಎಡಗಡೆ ಕಲ್ಲು ಹಸಿ ಐತಿ. ನಾಲಿಗಿ ಹಚ್ಚು."

ಕೈ ಚಾಚಿದೆ. ಬೆರಳಿಗೆ ತಂಪು ತಾಗಿತು. ಮಳೆಗಾಲದ ನೀರು ಎಲ್ಲೋ ಬಂಡೆಯೊಳಗೆ ಉಳಿದು ಅಲ್ಲಿ ಜಿನುಗುತ್ತಿತ್ತು. ತುಕ್ಕಿನ ರುಚಿ, ಮಣ್ಣಿನ ರುಚಿ. ಬೆಕ್ಕಿನಂತೆ ನೆಕ್ಕಿದೆ. ನೆಕ್ಕುತ್ತಿರುವಾಗ ಹೊಳೆಯಿತು... ನನಗೇ ನನ್ನ ಕೈ ಕಾಣದ ಕತ್ತಲಲ್ಲಿ, ಮೇಲಿದ್ದವಳಿಗೆ ಈ ಕಲ್ಲು ಹಸಿಯೆಂದು ಹೇಗೆ ಗೊತ್ತು?

ಆಗ ಹುಟ್ಟಿದ ಹೆದರಿಕೆ ಚಳಿಗಿಂತ ದೊಡ್ಡದು. ಆದರೂ ನಿಜ ಹೇಳುತ್ತೇನೆ, ಆ ದನಿ ನಿಂತುಬಿಟ್ಟರೆ ಎನ್ನುವ ಹೆದರಿಕೆ ಅದಕ್ಕಿಂತಲೂ ದೊಡ್ಡದಾಗಿತ್ತು.

ಬೆಳಕು ಹರಿಯುವ ಹೊತ್ತಿಗೆ ಸಂದಿಯ ಬಾಯಲ್ಲಿ ಒಂದು ರುಮಾಲಿನ ತಲೆ ಕಾಣಿಸಿತು. ಕುರಿ ಕಾಯುವ ಬೀರಪ್ಪ. ಗುಡ್ಡದ ಬುಡದ ಹೊಲದಲ್ಲಿ ಅವನ ಕುರಿಗಳು ತಂಗಿದ್ದವಂತೆ. ತನ್ನವರನ್ನು ಕರೆದು ಹಗ್ಗ ಬಿಟ್ಟು ನನ್ನನ್ನು ಎಳೆದು ಹಾಕಿದ, ಕಂಬಳಿ ಹೊದಿಸಿದ. ಆಮೇಲೆ ಮತ್ತೆ ಸಂದಿಯೊಳಗೆ ಬಗ್ಗಿ ನೋಡತೊಡಗಿದ.

"ಆಕಿ ಎಲ್ಲದಾಳ್ರಿ?" ಎಂದ.

ಯಾರು ಎಂದು ಕೇಳಿದೆ.

"ಗಂಡಸರ ದನಿ ನಾ ಕೇಳೇ ಇಲ್ರಿ. ರಾತ್ರಿ ಎಲ್ಲಾ ಹೆಣ್ಮಗಳು ಒಬ್ಬಾಕಿ ಕೂಗತಿದ್ಲು. ಆಕಿನ್ನ ಹುಡುಕ್ಕೋಂತ ಬಂದೀನಿ."

ಆಕೆ ಒಳಗಿರಲಿಲ್ಲ, ಮೇಲಿದ್ದಳು ಎಂದು ದನಿ ಬಂದ ಕಡೆ ಕೈ ತೋರಿಸಿದೆ. ಬೀರಪ್ಪ ನೋಡಿದ. ನಾನೂ ಹಗಲ ಬೆಳಕಲ್ಲಿ ಮೊದಲ ಸಲ ನೋಡಿದೆ. ಅಲ್ಲಿದ್ದದ್ದು ಗೋಡೆಯಂತೆ ನೆಟ್ಟಗೆ ನಿಂತ ಬಂಡೆ. ಮನುಷ್ಯರು ಕೂರುವುದಿರಲಿ, ಹಲ್ಲಿಯೂ ನಿಲ್ಲುವಂತಿರಲಿಲ್ಲ.

ಅವರು ಅಕ್ಕಪಕ್ಕದ ಸಂದಿಗಳನ್ನೆಲ್ಲ ಇಳಿದು ಹುಡುಕಿದರು. ಯಾರೂ ಸಿಗಲಿಲ್ಲ. ಸುತ್ತಲಿನ ಯಾವ ಊರಲ್ಲೂ ಯಾರೂ ಕಾಣೆಯಾಗಿರಲಿಲ್ಲ.

ನಾನು ದವಾಖಾನೆಯಲ್ಲಿದ್ದಾಗ ಬೀರಪ್ಪ ನೋಡಲು ಬಂದಿದ್ದ. ಈಗಲೂ ಆಗಾಗ ಫೋನು ಮಾಡುತ್ತಾನೆ, ಊಟ ಆಯ್ತೇನ್ರಿ ಎಂದು ಕೇಳುತ್ತಾನೆ. ನನ್ನನ್ನು ಹಾಗೆ ಕೇಳುವವನು ಅವನೊಬ್ಬನೇ.

ಮೊನ್ನೆ ಮಾಡಿದಾಗ ಅವನ ದನಿ ಇಳಿದಿತ್ತು. ಕುರಿ ಹೊಡೆದುಕೊಂಡು ಮತ್ತೆ ಆ ಗುಡ್ಡದ ಬುಡದಲ್ಲೇ ತಂಗಿದ್ದಾನೆ. ರಾತ್ರಿ ಆಕೆಯ ದನಿ ಕೇಳಿಸಿತಂತೆ.

'ಎಚ್ಚರ ಅದಿ ಏನು' ಎನ್ನುವ ಅದೇ ಮಾತೇ ಎಂದೆ.

"ಅಲ್ರಿ. ಈಗ 'ಹೋದಿ ಏನು?' ಅಂತಾಳ. ಸ್ವಲ್ಪ ಹೊತ್ತು ಬಿಟ್ಟು ಮತ್ತ ಕೇಳ್ತಾಳ."

ನೀನು ಏನಾದರೂ ಉತ್ತರ ಕೊಟ್ಟೆಯಾ ಎಂದು ಕೇಳಿದೆ.

"ನನ್ನ ಕೇಳಿದ್ದಲ್ಲಲ್ರಿ ಅದು" ಎಂದ ಬೀರಪ್ಪ.

ನಾನು ಇನ್ನೂ ಆ ಕಡೆ ಹೋಗಿಲ್ಲ...