ಸಾಬಣ್ಣನ ಮುಖ ಬರೆಯದ ಅಮರಯ್ಯ

ನಾರಾಯಣಗೂಡದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಗೋಡೆಗೆ ಒತ್ತಿಕೊಂಡೇ ಅಮರಯ್ಯನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅವನು ಸತ್ತವರ ಚಿತ್ರ ಬರೆಯುತ್ತಿದ್ದಾನೆ. ಸೇಡಂ ಕಡೆಯವನು. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮನೆಯಲ್ಲಿ ಸಾವಾದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರ ಹತ್ತಿರ ಇರುತ್ತಿದ್ದದ್ದು ಆಧಾರ್ ಕಾರ್ಡಿನ ಫೋಟೊ ಒಂದೇ. ಅದರಲ್ಲಿ ಎಂಥ ಮರ್ಯಾದಸ್ಥನೂ ಪೊಲೀಸರ ಕೈಗೆ ಸಿಕ್ಕಿಬಿದ್ದವನಂತೆ ಕಾಣುತ್ತಾನೆ.

ಅಮರಯ್ಯ ಬಿಡುವಿದ್ದಾಗ ನೀಲಿ ಕೋಟಿನ ಗಂಡು ಮೈಗಳನ್ನೂ ಹಸಿರು ಇಳಕಲ್ ಸೀರೆಯ ಹೆಣ್ಣು ಮೈಗಳನ್ನೂ ಬರೆದು ಸಾಲಾಗಿ ನಿಲ್ಲಿಸಿರುತ್ತಿದ್ದ. ಕತ್ತಿನ ಮೇಲೆ ಖಾಲಿ. ಗಿರಾಕಿ ಬಂದರೆ ಕೂರಿಸಿಕೊಂಡು ಕೇಳುತ್ತಿದ್ದ: "ನಗುವಾಗ ಯಾವ ಕಡೆ ಹಲ್ಲು ಕಾಣತಿತ್ರೀ? ಸಿಟ್ಟು ಬಂದ್ರ ಹುಬ್ಬು ಏರತಿತ್ತೇನು?" ಹೀಗೆ ಅರ್ಧ ಗಂಟೆ ಕೆದಕಿ ಆಮೇಲೆ ಮುಖ ಬರೆಯುತ್ತಿದ್ದ. ಅದನ್ನು ನೋಡಿದ ಹೆಂಗಸರು ಅಂಗಡಿಯಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಿದ್ದರು, ನನ್ನ ಗಿರಾಕಿಗಳು ಗಾಬರಿಯಾಗುತ್ತಿದ್ದರು.

ಇಂಥವನಿಗೆ ತಲೆ ಕೆಟ್ಟಿದ್ದು ಹೋದ ವರ್ಷ, ಬಂಜಾರಾ ಹಿಲ್ಸ್‌ನ ಒಂದು ಗ್ಯಾಲರಿಯವರು ಬೀದಿ ಕಲಾವಿದರಿಗೆಂದು ನಡೆಸಿದ ಮೂರು ದಿನದ ಶಿಬಿರದಲ್ಲಿ. ನಾನೂ ಹೋಗಿದ್ದೆ. ಸುಳ್ಳೇಕೆ, ಊಟ ಚೆನ್ನಾಗಿರುತ್ತದೆ ಎಂದು ಕೇಳಿ ಹೋಗಿದ್ದೆ. ನಡೆಸುವವಳು ಮಧುರಾ ಎಂಬ ಬೆಂಗಳೂರಿನ ಕಲಾವಿದೆ. ಅವಳದೇ ಚಿತ್ರ ಒಂದು ಗೋಡೆ ತುಂಬಾ ಇತ್ತು: ಎಂಟಡಿ ಬಿಳಿ ಬಟ್ಟೆ, ನಡುವೆ ಬ್ಲೇಡಿನಲ್ಲಿ ಸೀಳಿದ ಒಂದು ಗೆರೆ. ಹೆಸರು "ಅಮ್ಮನ ಮೌನ". ಅವಳ ಅಮ್ಮ ವಾಸಂತಿ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಮೂರು ದಿನದಲ್ಲಿ ಆ ತಾಯಿ ಬಾಯಿ ಮುಚ್ಚಿದ್ದನ್ನು ನಾನಂತೂ ಕಾಣಲಿಲ್ಲ.

ಮಧುರಾ ಅಮರಯ್ಯನ ಚಿತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. "ಎಲ್ಲಾ ಒಂದೇ ಕೋಟು, ಒಂದೇ ಸೀರೆ. ಇದರಲ್ಲಿ ನೀವೆಲ್ಲಿದ್ದೀರಿ ಸರ್? ನಿಮ್ಮ ನೋವೆಲ್ಲಿದೆ? ಯಾರದೋ ಮುಖ ನಕಲು ಮಾಡೋದು ಕಲೆ ಅಲ್ಲ. ಒಳಗಿರೋದನ್ನ ಹೊರಗೆ ಎಸೆಯಿರಿ" ಅಂದಳು.

ನನ್ನದು ನಕಲಿನ ಅಂಗಡಿ. ನನಗೆ ಆ ಮಾತು ತಟ್ಟಲಿಲ್ಲ. ಅಮರಯ್ಯನಿಗೆ ನಾಟಿತು. ಬಸ್ಸಿನಲ್ಲಿ ಬರುವಾಗ, "ಸೂರ್ಯಕಾಂತ, ಇಷ್ಟು ವರ್ಷ ನಾ ಮಾಡಿದ್ದೆಲ್ಲಾ ಬರೇ ನಕಲ್ ನೋಡು" ಅಂದ. ಮರುದಿನವೇ ತಲೆಯಿಲ್ಲದ ಮೈಗಳನ್ನೆಲ್ಲ ಗುಜರಿಗೆ ಹಾಕಿದ. ಗಡ್ಡ ಬಿಟ್ಟ. ಬಣ್ಣ ಹಚ್ಚುವ ಮುಂಚೆ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳತೊಡಗಿದ. ಐವತ್ತೆಂಟರ ವಯಸ್ಸಿನಲ್ಲಿ ಇದನ್ನೆಲ್ಲ ಮಾಡಿದರೆ ನೋಡುವವರಿಗೇ ನಾಚಿಕೆ.

ಅಂಥ ಹೊತ್ತಿನಲ್ಲಿ ಗದಿಗೆಮ್ಮ ಬಂದಳು. ಶಂಶಾಬಾದಿನ ಹತ್ತಿರ ಅಪಾರ್ಟ್‌ಮೆಂಟು ಕಟ್ಟುವಲ್ಲಿ ಇಟ್ಟಿಗೆ ಹೊರುವವಳು. ಗಂಡ ಸಾಬಣ್ಣ ಕಾಮಾಲೆಯಾಗಿ ಸತ್ತು ನಾಲ್ಕು ದಿನವಾಗಿತ್ತು. ಅವಳ ಕೈಯಲ್ಲಿದ್ದದ್ದು ಅವನ ಆಧಾರ್ ಕಾರ್ಡು ಮಾತ್ರ. "ಹನ್ನೊಂದನೇ ದಿನಕ್ಕ ಊರಿಂದ ಮಂದಿ ಬರತಾರ್ರೀ. ಫೋಟೊದ ಮುಂದ ಎಡಿ ಇಡಬೇಕು. ಅವನ ಮಾರಿ ಒಂದು ಛಲೋ ಕಾಣೂಹಂಗ ಮಾಡಿಕೊಡ್ರಿ" ಅಂದಳು. ನಾನು ಕಾರ್ಡಿನ ಫೋಟೊವನ್ನು ದೊಡ್ಡದು ಮಾಡಿ ಅಮರಯ್ಯನಿಗೆ ಕೊಟ್ಟೆ, ಕಾರ್ಡನ್ನು ಅವಳಿಗೆ ವಾಪಸು ಕೊಟ್ಟೆ. ಅಮರಯ್ಯ ಹಲ್ಲು, ಹುಬ್ಬು ಏನನ್ನೂ ಕೇಳಲಿಲ್ಲ. ಅವಳನ್ನೇ ದಿಟ್ಟಿಸಿ ನೋಡಿ, "ಆತು ಯವ್ವಾ, ಹೋಗು" ಅಂದ.

ಹನ್ನೊಂದನೆಯ ದಿನ ಚಿತ್ರಕ್ಕೆ ಬಟ್ಟೆ ಸುತ್ತಿಕೊಂಡು ಹೊರಟ. ಜೊತೆಗೆ ನಾನು. ತಗಡಿನ ಶೆಡ್ಡಿನಲ್ಲಿ ಊರಿನವರು ಕಾಯುತ್ತ ಕೂತಿದ್ದರು. ಗೋಡೆಗೆ ಹೊಸ ಮೊಳೆ ಹೊಡೆದಿತ್ತು, ಚೆಂಡು ಹೂವಿನ ಹಾರ ಸಿದ್ಧವಿತ್ತು, ಬಾಳೆ ಎಲೆಯಲ್ಲಿ ಹೋಳಿಗೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಅಮರಯ್ಯ ಬಟ್ಟೆ ಬಿಚ್ಚಿದ. ಕಪ್ಪು. ಕಪ್ಪಿನ ಮೇಲೆ ಕೈಯಿಂದ ಬಳಿದ ಕೆಂಪು. ಮೂಲೆಯಲ್ಲಿ ಉಗುರಿನಿಂದ ಕೆರೆದ ಗೀರುಗಳು. ಮುಖ ಎಲ್ಲಿಯೂ ಇಲ್ಲ.

ಗದಿಗೆಮ್ಮ ಬಗ್ಗಿ ನೋಡಿದಳು, ಪಕ್ಕಕ್ಕೆ ಸರಿದು ನೋಡಿದಳು. "ಇದರಾಗ ಎಲ್ಲದಾನ್ರೀ ಅಂವಾ?"

"ಇದು ನಿನ್ನ ಸಂಕಟ ಯವ್ವಾ" ಅಂದ ಅಮರಯ್ಯ. ಅವನ ಕಣ್ಣಲ್ಲಿ ನೀರು ಬೇರೆ. "ಅವತ್ತು ನಿನ್ನ ನೋಡಿದಾಗ ನನ್ನ ಒಳಗ ಆದದ್ದು, ಅದನ್ನ ಬರದೀನಿ."

"ಸಂಕಟ ನನ್ನ ಕಡಿ ಬೇಕಾದಷ್ಟು ಐತ್ರೀ ಅಯ್ನೋರ" ಅಂದಳು ಅವಳು. ದನಿ ಏರಿಸಲಿಲ್ಲ. "ಅದನ್ನ ಬರಕೊಡ್ರಿ ಅಂತ ಕೇಳಿದ್ನೇನು? ನನ್ನ ಕಡಿ ಇಲ್ಲದ್ದು ಅವನ ಮಾರಿ."

ನಾನು ಮಾಡಿಕೊಟ್ಟ ದೊಡ್ಡ ಪ್ರತಿ ಎಲ್ಲಿ ಎಂದು ಅಮರಯ್ಯನ ಕಿವಿಯಲ್ಲಿ ಕೇಳಿದೆ. ಅದರಲ್ಲಿ ಬ್ರಷ್ ಒರೆಸಿದೆ ಅಂದ. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಎರಡು ರೂಪಾಯಿಯ ಇನ್ನೊಂದು ಪ್ರತಿ ತೆಗೆದು ಜೇಬಿನಲ್ಲಿಟ್ಟುಕೊಂಡು ಬರುವ ಬುದ್ಧಿ ನನಗಾದರೂ ಎಲ್ಲಿತ್ತು?

ಎಡೆ ಆರುತ್ತಿತ್ತು. ಸಾಬಣ್ಣನ ಅಣ್ಣ, "ಹೊತ್ತಾತು, ಮುಗಸ್ರಿ" ಅಂದ. ಗದಿಗೆಮ್ಮ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ತೆಗೆದು ನೀರಿನ ಚೊಂಬಿಗೆ ಆನಿಸಿ ನಿಲ್ಲಿಸಿದಳು. ಹಾರ ಅದಕ್ಕೆ ಭಾರವಾಯಿತು, ಕಾರ್ಡು ಬಿತ್ತು. ಹಾರವನ್ನು ನೆಲದ ಮೇಲೆ ಸುತ್ತಿಟ್ಟು ಕಾರ್ಡನ್ನು ಮತ್ತೆ ನಿಲ್ಲಿಸಿದಳು. ಹಿಂದೆ ಕೂತವರು ಕತ್ತು ಉದ್ದ ಮಾಡಿ ನೋಡಿದರು. ಅವಳು ವಿಭೂತಿಯಲ್ಲಿ ಹೆಬ್ಬೆರಳು ಅದ್ದಿ ಗಂಡನ ಹಣೆಗೆ ಹಚ್ಚಲು ಹೋದಳು. ಇಟ್ಟಿಗೆ ಹೊತ್ತು ದಪ್ಪಗಾದ ಬೆರಳು. ಸಾಬಣ್ಣನ ಮುಖ ಆ ಬೆರಳಿಗಿಂತ ಚಿಕ್ಕದಿತ್ತು. ಅವಳು ಕೈ ತೆಗೆದಾಗ ಅಲ್ಲಿ ಬೂದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಅಮರಯ್ಯ ಒರೆಸಲೆಂದು ಅಂಗಿಯ ತುದಿ ಹಿಡಿದು ಮುಂದೆ ಬಂದ.

"ಮುಟ್ಟಬ್ಯಾಡ್ರಿ" ಅಂದಳು ಗದಿಗೆಮ್ಮ.