ಷಡ್ಡಕನ ಏಳು ದಿನ

ನನ್ನ ಷಡ್ಡಕ ಕ್ರಾಂತಿಕುಮಾರ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಬರುತ್ತದೋ ಇಲ್ಲವೋ. ಕೂಡ್ಲಿಗಿಯ ಸೋಮಪ್ಪನವರ ಹಿರಿಯ ಮಗಳು ಮಂಜಮ್ಮನನ್ನು ನಾನು ಮದುವೆಯಾದೆ, ಕಿರಿಯವಳು ಕೋಮಲಾಳನ್ನು ಅವನು. ನಾನು ಹರಪನಹಳ್ಳಿಯಲ್ಲಿ ಬಸ್ ಕಂಡಕ್ಟರ್. ಅವನು ಹಡಗಲಿಯಲ್ಲಿ ಹೈಸ್ಕೂಲಿನ ಪಿ.ಟಿ. ಮಾಸ್ತರ. ಇಬ್ಬರ ಕೆಲಸವೂ ಸೀಟಿ ಊದುವುದೇ. ಅವನ ಸೀಟಿಗೆ ಇನ್ನೂರು ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ನನ್ನ ಸೀಟಿಗೆ ಬಾಗಿಲಲ್ಲಿ ನಿಂತವರು ಒಂದು ಹೆಜ್ಜೆ ಒಳಗೆ ಸರಿಯುವುದಿಲ್ಲ.

ಅವನು ಗುಡೇಕೋಟೆಯವನು. ಕುರುಚಲು ಗುಡ್ಡಗಳಲ್ಲಿ ಅಪ್ಪನ ಕುರಿಗಳ ಹಿಂದೆ ಓಡಿ ಕಾಲು ಗಟ್ಟಿ ಮಾಡಿಕೊಂಡ. ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲೆಗೆ ಮೊದಲು ಬಂದ, ಅದೇ ಓಟದಲ್ಲಿ ಕಾಲೇಜು, ಅದೇ ಓಟದಲ್ಲಿ ಸರ್ಕಾರಿ ನೌಕರಿ. ಖೋಖೋ ಆಡುವ ಬಡ ಹುಡುಗಿಯರಿಗೆ ತನ್ನ ಸಂಬಳದಲ್ಲಿ ಬೂಟು ಕೊಡಿಸುತ್ತಾನೆ, ಯಾರಿಗೂ ಹೇಳುವುದಿಲ್ಲ. ಹೇಳಿಕೊಂಡಿದ್ದರೆ ಜಂಬದವನೆಂದು ಬೈದುಕೊಂಡು ನಾನು ಹಾಯಾಗಿರಬಹುದಿತ್ತು. ಅಷ್ಟು ಉಪಕಾರವನ್ನೂ ಅವನು ನನಗೆ ಮಾಡಲಿಲ್ಲ.

ಅವನು ಜಂಬ ಪಟ್ಟದ್ದು ಒಂದೇ ವಿಷಯಕ್ಕೆ, ರೆಸಾರ್ಟಿನ ಮೆಂಬರ್‌ಶಿಪ್ಪಿಗೆ. ದಾವಣಗೆರೆಯಲ್ಲಿ ಪೆಟ್ರೋಲ್ ಹಾಕಿಸಿದಾಗ ಒಂದು ಲಕ್ಕಿ ಡ್ರಾ ಚೀಟಿ ತುಂಬಿ ಬಂದಿದ್ದನಂತೆ. ವಾರದ ನಂತರ ಬಹುಮಾನ ಬಂದಿದೆಯೆಂದು ಗಂಡ ಹೆಂಡತಿಯನ್ನು ಹೋಟೆಲಿಗೆ ಕರೆದರು, ಊಟ ಹಾಕಿದರು, ಮೂರು ತಾಸು ಕೂರಿಸಿಕೊಂಡು ಮಾತಾಡಿದರು. ಎದ್ದು ಬರುವಾಗ ಅವನು ಎರಡು ಲಕ್ಷ ಎಂಬತ್ತು ಸಾವಿರಕ್ಕೆ ಸಹಿ ಹಾಕಿದ್ದ. ಊಟಿಯ ಹತ್ತಿರ ಗುಡ್ಡದ ಮೇಲೆ ವರ್ಷಕ್ಕೆ ಏಳು ದಿನ ಒಂದು ರೂಮು ಅವನದು, ಇಪ್ಪತ್ತೈದು ವರ್ಷದವರೆಗೆ.

ಆಮೇಲೆ ಶುರುವಾಯಿತು ನನ್ನ ಸಂಕಟ. ಪ್ರತಿ ಬೇಸಿಗೆಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬರುತ್ತಿತ್ತು. ಚಹಾ ತೋಟದಲ್ಲಿ ಕ್ರಾಂತಿ, ಕುದುರೆಯ ಪಕ್ಕ ಕೋಮಲಾ, ಟೊಪ್ಪಿಗೆ ಹಾಕಿಕೊಂಡು ನಗುವ ಮಗಳು ರೋಜಾ. ಅತ್ತೆ ಗಿಡ್ಡಮ್ಮ ಒಂದು ಫೋಟೋ ದೊಡ್ಡದು ಮಾಡಿಸಿ ಗೋಡೆಯ ಮೇಲೆ ಬುದ್ಧನ ಪಕ್ಕ ಹಾಕಿಸಿದರು. ನಾವಿಬ್ಬರೂ ಹೋದಾಗ ಕಾಲು ತೊಳೆಯುವ ನೀರಿನ ತಂಬಿಗೆ ಮೊದಲು ಹಿರಿಯಳಿಯನಾದ ನನ್ನ ಕೈಗೆ ಬರಬೇಕು. ಆ ಫೋಟೋ ಗೋಡೆಗೆ ಏರಿದ ಮೇಲೆ ಅದು ಅವನ ಕೈಗೆ ಹೋಗತೊಡಗಿತು. ಹಿಡಿಕೆಯಿದ್ದ ಕುರ್ಚಿಯೂ ಅವನಿಗೇ.

"ನಾವೂ ಎಲ್ಲಿಗಾರ ಹೋಗಾಣ್ರಿ," ಎಂದಳು ಮಂಜಮ್ಮ ಒಂದು ದಿನ.

"ದಿನಾ ಮುನ್ನೂರು ಕಿಲೋಮೀಟರ್ ಹೋಗ್ತೀನಿ, ಸಾಲದೇನು?" ಎಂದೆ. ಅವಳು ಸಿಟ್ಟಾದಳು, ಮತ್ತೆ ಕೇಳಲಿಲ್ಲ. ಆ ಸಿಟ್ಟನ್ನೂ ನಾನು ಕ್ರಾಂತಿಯ ಲೆಕ್ಕಕ್ಕೆ ಬರೆದೆ.

ಹೋದ ವರ್ಷ ಒಂದು ಬೆಳಿಗ್ಗೆ ಅವನು ಹರಪನಹಳ್ಳಿ ಬಸ್ ಸ್ಟ್ಯಾಂಡಿಗೇ ಬಂದ. ನನ್ನ ಬಸ್ಸು ಹನ್ನೊಂದಕ್ಕೆ ಹೊರಡುವುದಿತ್ತು. ಬಾಗಿಲ ಬಳಿ ನಿಂತು ದನಿ ತಗ್ಗಿಸಿ ಹೇಳಿದ.

"ಅಣ್ಣ, ಆ ಮೆಂಬರ್‌ಶಿಪ್ ಮಾರ್ತಾ ಇದೀನಿ. ವರ್ಷಾ ವರ್ಷಾ ಮೇಂಟೆನನ್ಸ್ ಅಂತ ಹದಿನೈದು, ಹದಿನಾರು ಸಾವಿರ ಕೇಳ್ತಾರ. ಶಾಲಿ ರಜಾದಾಗ ರೂಮ್ ಕೇಳಿದ್ರ ಫುಲ್ ಅಂತಾರ. ಮುಂಬೈ ಏಜೆಂಟ್ ಒಬ್ಬಾವ ತಾನಾಗೇ ಫೋನ್ ಮಾಡ್ಯಾನ. ಪಾರ್ಟಿ ರೆಡಿ ಅದಾನಂತ, ಐದೂವರೆ ಲಕ್ಷಕ್ಕ."

ಐದೂವರೆ ಲಕ್ಷ. ಆರು ವರ್ಷ ಮಜಾ ಮಾಡಿ, ಈಗ ಅದನ್ನು ಮಾರಿ ದುಪ್ಪಟ್ಟು ಎಣಿಸಿಕೊಳ್ಳುತ್ತಾನೆ. ಇವನು ಮುಟ್ಟಿದ್ದೆಲ್ಲ ಇವನಿಗೇ ಯಾಕೆ ಒಲಿಯಬೇಕು?

"ಒಂದೇ ಮಾತಣ್ಣ," ಎಂದ ಅವನು. "ಕಾಗದಪತ್ರಕ್ಕ ಮೊದ್ಲು ನಾನು ಹದಿನೆಂಟು ಸಾವಿರ ಕಟ್ಟಬೇಕಂತ, ಇವತ್ತು ಮಧ್ಯಾಹ್ನ ಎರಡು ಗಂಟಿ ಒಳಗ. ಆಮ್ಯಾಲ ವಾಪಸ್ ಬರ್ತೈತಂತ. ಮಾವಂಗ ಹೇಳಾಕ ನಾಚಿಕಿ. ನೀನೇನ್ ಅಂತಿ?"

ಇದು ಮೋಸವೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮಾವ ಸೋಮಪ್ಪನವರು ನಲವತ್ತು ವರ್ಷ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವರು. ಮದುವೆಯಾದ ಹೊಸತರಲ್ಲಿ ವಾರದ ರಜೆಯ ದಿನ ನಾನು ಅವರ ಹಿಂದೆ ಸಂತೆಗೆ ಹೋಗುತ್ತಿದ್ದೆ. ವ್ಯಾಪಾರ ಕುದುರಿದ ಕೂಡಲೇ ಕೊಳ್ಳುವವನು ಮಾರುವವನ ಅಂಗೈಗೆ ಮುಂಗಡ ಇಡುತ್ತಾನೆ, ಅದಕ್ಕೆ ಸಂಚಕಾರ ಎನ್ನುತ್ತಾರೆ. ಎತ್ತು ಮಾರಲು ಬಂದವನು ತಾನೇ ಸಂಚಕಾರ ಕೊಟ್ಟದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಕ್ರಾಂತಿ ಸಂತೆಯ ಕಡೆ ಬಂದವನಲ್ಲ, ಅವನಿಗೆ ಮೈದಾನವೇ ಸಂತೆ.

ಹೇಳಲು ಒಂದು ಮಾತು ಸಾಕಿತ್ತು. ನಾನು ಹೇಳಿದ್ದು ಬೇರೆ.

"ನಂಗೇನ್ ಗೊತ್ತಪ್ಪ ಇಂಥವು. ಓದಿದಾವ ನೀನು. ಬಸ್ಸಿನ ಟೈಮ್ ಆತು, ಸಂಜಿ ಮಾತಾಡಾಣ."

ಸೀಟಿ ಊದಿದೆ. ಬಸ್ಸು ಹೊರಟಿತು. ಅವನು ಅಲ್ಲೇ ನಿಂತು ಕೈ ಬೀಸಿದ.

ಹನ್ನೆರಡಕ್ಕೆ ಕೊಟ್ಟೂರು. ಹತ್ತು ನಿಮಿಷ ನಿಲ್ಲಿಸಿ ಚಹಾ ಕುಡಿದೆವು. ಫೋನು ಜೇಬಿನಲ್ಲಿತ್ತು, ಸಿಗ್ನಲ್ ಚೆನ್ನಾಗಿತ್ತು. ಒಂದು ಗಂಟೆಗೆ ಕೂಡ್ಲಿಗಿ. ಬುತ್ತಿ ಬಿಚ್ಚಿ ರೊಟ್ಟಿ ತಿಂದೆ, ಗಡಿಯಾರ ನೋಡಿದೆ, ಮತ್ತೆ ಒಂದು ರೊಟ್ಟಿ ತಿಂದೆ. ಒಂದು ಸಲವಾದರೂ ಇವನು ಕಳೆದುಕೊಳ್ಳಲಿ ಎಂದು ನನಗೆ ಅನಿಸಿತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲು ಬರುವುದಿಲ್ಲ. ಎರಡೂ ಇಪ್ಪತ್ತಕ್ಕೆ ಫೋನ್ ಮಾಡಿದೆ.

"ಕಟ್ಟಿಬಿಟ್ಟೆ ಅಣ್ಣ," ಎಂದ. "ಎರಡಕ್ಕ ಐದು ನಿಮಿಷ ಇತ್ತು."

"ಅಯ್ಯ, ಬಸ್ಸಿನ್ಯಾಗ ಸಿಗ್ನಲ್ಲೇ ಸಿಗಲಿಲ್ಲಪ್ಪ. ಸ್ವಲ್ಪ ತಡಿ ಅಂತ ಹೇಳಾಣಂತಿದ್ದೆ," ಎಂದೆ.

ಮೂರು ದಿನ ಬಿಟ್ಟು ಏಜೆಂಟ್ ಮತ್ತೆ ಫೋನ್ ಮಾಡಿದ. ಈಗ ತೆರಿಗೆ ಅಂತೆ, ಅರವತ್ನಾಲ್ಕು ಸಾವಿರ. ಇಲ್ಲದಿದ್ದರೆ ಮೊದಲು ಕಟ್ಟಿದ್ದೂ ಮುಳುಗುತ್ತದಂತೆ. ಕ್ರಾಂತಿ ಕೋಮಲಾಳ ಸರ ಅಡ ಇಡಲು ಹೊರಟು, ದಾರಿಯಿಂದ ಫೋನ್ ಮಾಡಿ ನನಗೆ ಹೇಳಿದ. ಆ ಸರ ಗಿಡ್ಡಮ್ಮ ಕೂಲಿ ಮಾಡಿ ಮಾಡಿಸಿದ್ದು. ಅದೇ ತೂಕದ್ದು ಒಂದು ಮಂಜಮ್ಮನ ಕೊರಳಲ್ಲೂ ಇದೆ.

"ಕಟ್ಟಬ್ಯಾಡ. ಇದ್ದಲ್ಲಿಂದ ಕೂಡ್ಲಿಗಿಗೆ ಬಾ, ನಾನೂ ಬರ್ತೀನಿ," ಎಂದೆ.

ಮಾವ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

"ಸಂಚಕಾರ ಯಾರು ಕೊಟ್ರು ಅಂದ್ರಿ?"

"ನಾನ ಕೊಟ್ಟೆ, ಮಾವ."

"ಮಾರಾವ್ರು ನೀವಲ್ಲೇನ್ರಿ?"

ಅಷ್ಟರಲ್ಲಿ ಕ್ರಾಂತಿಗೆ ಏಜೆಂಟನ ಫೋನ್ ಬಂತು. ಮಾವ ಅದನ್ನು ಇಸಿದುಕೊಂಡು ಹರಕು ಹಿಂದಿಯಲ್ಲಿ ಒಂದೇ ಮಾತು ಹೇಳಿದರು, ನಿಮ್ಮ ಪಾರ್ಟಿ ಮೊದಲು ಸಂಚಕಾರ ಕಳಿಸಲಿ, ನಿಮ್ಮ ಅರವತ್ನಾಲ್ಕನ್ನು ಅದರಲ್ಲೇ ಮುರಿದುಕೊಳ್ಳಿ ಎಂದು. ಆ ಕಡೆಯವನು ಬೈದು ಫೋನ್ ಇಟ್ಟ, ಮತ್ತೆ ಮಾಡಲಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು. ಹದಿನೆಂಟು ಸಾವಿರ ಇನ್ನೂ ಬಂದಿಲ್ಲ.

ಅವತ್ತು ಕ್ರಾಂತಿ ಇನ್ನೊಂದು ಮಾತು ಒಪ್ಪಿಕೊಂಡ. ಆರು ವರ್ಷದಲ್ಲಿ ಅವರು ಆ ರೆಸಾರ್ಟಿಗೆ ಹೋದದ್ದು ಒಂದೇ ಸಲ. ಆ ಏಳು ದಿನದಲ್ಲಿ ತೆಗೆದ ಫೋಟೋಗಳನ್ನೇ ವರ್ಷಕ್ಕೆ ನಾಲ್ಕರಂತೆ ಹಾಕುತ್ತಿದ್ದ. ಅಷ್ಟು ದುಡ್ಡು ಹಾಕಿ ಮೋಸಹೋದೆ ಎನ್ನಲು ನಾಚಿಕೆಯಾಗಿತ್ತಂತೆ. ನಾನು ಫೋನು ತೆಗೆದು ಹಳೆಯದನ್ನೆಲ್ಲ ನೋಡಿದೆ. ಪ್ರತಿ ಫೋಟೋದಲ್ಲೂ ರೋಜಾಳ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಮಾವನಿಂದ ಕಲಿತವನು ನಾನು. ಆ ಮಗುವಿನ ಹಲ್ಲು ಆರು ವರ್ಷ ಮೊಳೆಯದ್ದು ನನಗೆ ಕಂಡಿರಲಿಲ್ಲ.

ಮಾರಾಟವನ್ನು ಮಾವನೇ ಕೈಗೆ ತೆಗೆದುಕೊಂಡರು. ಮೊದಲು ಕ್ರಾಂತಿಯಿಂದ ರೆಸಾರ್ಟಿನ ಕಂಪನಿಗೇ ಪತ್ರ ಬರೆಸಿದರು. ಬಾಕಿಯಿಲ್ಲದಿದ್ದರೆ ಹೆಸರು ಬದಲಿಸಬಹುದು, ಕೊಳ್ಳುವವರು ಮಾರುವವರು ಇಬ್ಬರೂ ನಮ್ಮ ಆಫೀಸಿಗೇ ಬಂದು ಸಹಿ ಹಾಕಬೇಕು ಎಂದು ಉತ್ತರ ಬಂತು. ಕಣ್ಣಿಗೆ ಕಾಣದ ದಲ್ಲಾಳಿ ಬೇಡ ಎಂದು ಮಾವ ಆಮೇಲೆ ಕೊಟ್ಟೂರಿನ ಶೇಖಾವಲಿಯನ್ನು ಕರೆಸಿದರು. ಲಾರಿ ರಿಪೇರಿಯ ಗ್ಯಾರೇಜು ಇಟ್ಟವನು, ಮಾವನಿಗೆ ಹಳೆಯ ಪರಿಚಯ. ಅವನ ಮಗಳು ಜರೀನಾಳನ್ನು ಊಟಿಯ ಕಡೆಗೇ ಕೊಟ್ಟಿತ್ತು, ರಜಾ ದಿನವೇ ಆಗಬೇಕೆಂಬ ಹಟ ಅವನಿಗಿರಲಿಲ್ಲ.

ಪಡಸಾಲೆಯಲ್ಲಿ ಮಾವ ಹೆಗಲ ಮೇಲಿನ ಟವಲ್ ತೆಗೆದು ಶೇಖಾವಲಿಯ ಕೈ ಮೇಲೆ ಹೊದಿಸಿದರು. ಒಳಗೆ ಬೆರಳು ಬೆರಳು ಹಿಡಿದು ರೇಟು ನಡೆಯಿತು. ಶೇಖಾವಲಿ ಎರಡು ಸಲ ತಲೆ ಅಲ್ಲಾಡಿಸಿದ, ಮೂರನೆಯ ಸಲ ನಕ್ಕ.

"ತೊಂಬತ್ತು ಸಾವಿರ," ಎಂದರು ಮಾವ. "ಹೆಸರು ಬದಲಿಸೋ ಖರ್ಚು ಶೇಖಾವಲಿದು. ಏನ್ರಿ ಅಳಿಯಾರ?"

ಕ್ರಾಂತಿ ಒಪ್ಪಿದ. ಶೇಖಾವಲಿ ಐದು ಸಾವಿರ ಸಂಚಕಾರ ಎಣಿಸಿ ಅವನ ಅಂಗೈಗೆ ಇಟ್ಟ. ಕ್ರಾಂತಿ ಆ ನೋಟುಗಳನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತ.

ಊಟದ ಹೊತ್ತಿಗೆ ಗಿಡ್ಡಮ್ಮ ನೀರಿನ ತಂಬಿಗೆ ತಂದರು. ಕ್ರಾಂತಿಯನ್ನು ದಾಟಿ ಬಂದು ನನ್ನ ಕೈಗೆ ಕೊಟ್ಟರು.

"ನೀವು ತಡೀಲಿಲ್ಲ ಅಂದಿದ್ರ ನಮ್ಮ ಕೋಮಲಾನ ಸರ ಹೋಗಿತ್ತಪ್ಪ," ಎಂದರು.

"ಅಣ್ಣ ಮೊದಲನೇ ದಿನಾನೂ ಫೋನ್ ಮಾಡಿದ್ದ ಅತ್ತಿ," ಎಂದ ಕ್ರಾಂತಿ. "ಬಸ್ಸಿನ್ಯಾಗ ಸಿಗ್ನಲ್ ಸಿಗಲಿಲ್ಲ. ಅರ್ಧ ತಾಸು ಮೊದ್ಲು ಸಿಕ್ಕಿದ್ರ ಆ ಹದಿನೆಂಟು ಸಾವಿರಾನೂ ಉಳೀತಿತ್ತು. ಪಾಪ, ಅವನಾರ ಏನ್ ಮಾಡಬೇಕು."

ಅವನ ಮುಖ ನೋಡಿದೆ. ಅನುಮಾನದ ಒಂದು ಎಳೆಯೂ ಇರಲಿಲ್ಲ. ಅಷ್ಟು ಮೋಸಹೋದ ಮೇಲೂ ಮನುಷ್ಯನನ್ನು ಹಾಗೆ ನಂಬಲು ಅವನಿಗೆ ಬರುತ್ತದೆ, ನನಗೆ ಬರುವುದಿಲ್ಲ. ಕಾಲು ತೊಳೆದುಕೊಂಡು ತಂಬಿಗೆಯನ್ನು ಅವನ ಕೈಗೆ ಕೊಟ್ಟೆ. ಆರು ವರ್ಷ ಆ ರೆಸಾರ್ಟಿನ ಮೇಲೆ ಪಟ್ಟದ್ದಕ್ಕಿಂತ ಹೆಚ್ಚಿನ ಹೊಟ್ಟೆಕಿಚ್ಚು ಆಗ ಪಟ್ಟೆ.