ಹಾಳೆ ತಿರುವುವ ಜಾಗ

ಲೆನಿನ್‌ಗ್ರಾಡಿನಲ್ಲಿ ಸ್ವರಲಿಪಿ ನಕಲು ಮಾಡುವವರು ಬೇಕಾದಷ್ಟಿದ್ದರು. ಆದರೂ ವಾದಕರು ಹುಡುಕಿಕೊಂಡು ಹೋಗುತ್ತಿದ್ದುದು ರೈಸಾ ಪಾವ್ಲೊವ್ನಾಳನ್ನೇ. ಆಕೆ ಬರೆದ ಪ್ರತಿಯಲ್ಲಿ ಪುಟದ ಕೊನೆ ಯಾವಾಗಲೂ ವಿರಾಮದಲ್ಲೇ ಬರುತ್ತಿತ್ತು. ಹಾಳೆ ತಿರುವಲು ವಾದಕನ ಕೈಗೆ ಬಿಡುವು ಸಿಗುತ್ತಿತ್ತು. ಸ್ವರಗಳ ಗೊಡವೆ ಆಕೆಗಿರಲಿಲ್ಲ, ಬಿಡುವು ಎಲ್ಲಿದೆ ಎಂಬುದರ ಮೇಲೇ ಕಣ್ಣು.

ನಲವತ್ತೇಳರ ಚಳಿಗಾಲದಲ್ಲಿ ವೆನಿಯಾಮಿನ್ ಒಸಿಪೊವಿಚ್ ತಾನು ಹೊಸದಾಗಿ ರಚಿಸಿದ ಕ್ವಾರ್ಟೆಟ್ ತಂದುಕೊಟ್ಟ. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. ಯುದ್ಧದಲ್ಲಿ ಜರ್ಮನರು ಊರಿಗೆ ಮುತ್ತಿಗೆ ಹಾಕಿದ್ದಾಗ ಹಸಿವಿನಿಂದ ಸತ್ತ ಹೆಂಡತಿಗಾಗಿ ಬರೆದದ್ದು. ಇದ್ದದ್ದು ಅದೊಂದೇ ಮೂಲಪ್ರತಿ. ರೈಸಾ ನಾಲ್ವರು ವಾದಕರಿಗೂ ಅವರವರ ಭಾಗ ಬರೆದುಕೊಟ್ಟಳು. ಒಂದೆರಡು ಸಲ ಅಭ್ಯಾಸವೂ ನಡೆಯಿತು.

ಅಷ್ಟರಲ್ಲಿ ಪತ್ರಿಕೆಯೊಂದು ಅವನ ಸಂಗೀತ ಜನವಿರೋಧಿ ಎಂದು ಬೈಯಿತು. ತಿಂಗಳೊಳಗೆ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಮೂಲಪ್ರತಿ ಇನ್ನೂ ರೈಸಾಳ ಬಳಿಯೇ ಇತ್ತು, ಆರು ಸಂಸಾರಗಳಿಗೆ ಒಂದೇ ಅಡುಗೆಮನೆಯಿದ್ದ ವಠಾರದಲ್ಲಿ ಯಾರು ಬೇಕಾದರೂ ಅದನ್ನು ನೋಡಿ ದೂರು ಕೊಡಬಹುದಿತ್ತು. ನಾಲ್ವರ ಪ್ರತಿ ಸೇರಿಸಿದರೆ ಮೂಲ ಮತ್ತೆ ಸಿಗುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡು, ಮೂಲಪ್ರತಿಯನ್ನು ಒಲೆಗೆ ಹಾಕಿದಳು. ಹೇಡಿತನವೇ, ಸರಿ. ಆಗ ಧೈರ್ಯವಂತರೆಲ್ಲ ಎಲ್ಲಿದ್ದರೆಂದು ನಮಗೇನು ಗೊತ್ತಿಲ್ಲವೇ?

ಎಂಟು ವರ್ಷದ ಮೇಲೆ ಅವನು ಸೆರೆಶಿಬಿರದಿಂದ ಬಿಡುಗಡೆಯಾಗಿ ಬಂದ. ಬಾಯಲ್ಲಿ ಹಲ್ಲಿರಲಿಲ್ಲ.

"ಅಲ್ಲಿ ಮರ ಕಡೀತಾ ಕಡೀತಾ ಒಂದು ಸಾಲೂ ತಲೇಲಿ ಉಳೀಲಿಲ್ಲ, ರೈಸಾ ಪಾವ್ಲೊವ್ನಾ. ಅದು ನಿಮ್ಮ ಹತ್ರ ಇದೆಯಲ್ಲ ಅಂತ ಜೀವ ಹಿಡ್ಕೊಂಡಿದ್ದೆ."

"ನಾಳಿದ್ದು ಬನ್ನಿ" ಎಂದಳು. ಕೂಡಲೇ ಆ ನಾಲ್ವರಲ್ಲಿ ವಯೋಲಾ ನುಡಿಸುತ್ತಿದ್ದ ಗ್ಲೆಬ್ ಇಲ್ಯಿಚ್‌ನ ಮನೆಗೆ ಓಡಿದಳು.

"ನನ್ನ ಪ್ರತೀನಾ? ಆವತ್ತೇ ಸುಟ್ಟೆ. ಉಳಿದ ಮೂವರೂ ಅಷ್ಟೇ" ಎಂದು ಅವನು ನಕ್ಕ. "ಮೂಲ ನಿಮ್ಮ ಹತ್ರ ಇತ್ತಲ್ಲ. ನಿಮ್ಮ ಜೋಪಾನ ಊರಿಗೇ ಗೊತ್ತು." ಆಕೆಯ ಮುಖ ನೋಡಿ ಅವನ ನಗು ನಿಂತಿತು.

ಎರಡು ದಿನ ರೈಸಾ ಗೆರೆ ಹಾಕಿದ ಹಾಳೆಗಳ ಮುಂದೆ ಕೂತಳು. ಒಂದು ಸ್ವರವೂ ನೆನಪಾಗಲಿಲ್ಲ. ಕೈಗೆ ನೆನಪಿದ್ದದ್ದು ಪುಟದ ಕೊನೆಯ ವಿರಾಮಗಳು ಮಾತ್ರ, ಅವನ್ನಷ್ಟೇ ಗುರುತು ಹಾಕಿದಳು.

ವೆನಿಯಾಮಿನ್ ಬಂದಾಗ ಆ ಹಾಳೆಗಳನ್ನೇ ಮುಂದಿಟ್ಟಳು. "ನಾನೇ ಸುಟ್ಟೆ. ನಂಗೆ ಗೊತ್ತಿರೋದು ಹಾಳೆ ತಿರುಗಿಸೋ ಜಾಗ ಅಷ್ಟೇ."

ಅವನು ಬೈಯಲಿಲ್ಲ, ಬೈದಿದ್ದರೆ ಆಕೆ ಬದುಕಿಕೊಳ್ಳುತ್ತಿದ್ದಳು. ಮರಗಟ್ಟಿದ ಬೆರಳುಗಳಿಂದ ಸ್ವರವಿಲ್ಲದ ಹಾಳೆಗಳನ್ನು ಒಂದೊಂದಾಗಿ ಕೊನೆಯವರೆಗೂ ತಿರುವಿದ.

"ವಿರಾಮಗಳೆಲ್ಲಾ ಸರಿಯಾದ ಜಾಗದಲ್ಲೇ ಇವೆ" ಎಂದು ಟೋಪಿ ಹಾಕಿಕೊಂಡು ಹೋದ.

ರೈಸಾ ಆಮೇಲೆ ಲೇಖನಿ ಮುಟ್ಟಲಿಲ್ಲ. ಸಾಯುವವರೆಗೂ ಸಂಗೀತಭವನದಲ್ಲಿ ಬಂದವರ ಕೋಟು ತೆಗೆದಿಡುವ ಕೆಲಸ ಮಾಡಿದಳು. ಕಛೇರಿ ಶುರುವಾಗುವ ಹೊತ್ತಿಗೆ ಸರಿಯಾಗಿ, ಒಂದು ಸ್ವರವೂ ಕೇಳಿಸದಂತೆ, ಕೋಟುಗಳ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.